ಕಾಜಕ್ಕ ಬಿಚ್ಚಿದ ಹೊಲಿಗೆ

ಹೃದಯದ ಕವಾಟ ಹೊಲಿಯುವ ಕೆಲಸಕ್ಕೆ ಸೇರುವ ಮೊದಲು ಕಾಜಕ್ಕ ಹದಿನೆಂಟು ವರ್ಷ ಅಂಗಿಗಳಿಗೆ ಕಾಜ ಹಾಕಿದ್ದಳು. ಗುಂಡಿ ತೂರುವ ಸೀಳಿನ ಸುತ್ತ ದಾರವನ್ನು ಒತ್ತೊತ್ತಾಗಿ ಕಟ್ಟುವ ಆ ಕೆಲಸಕ್ಕೆ ಯಂತ್ರ ಬಂದ ಮೇಲೂ ಬೀದಿಯ ದರ್ಜಿ ತನ್ನ ಒಳ್ಳೆಯ ಗಿರಾಕಿಗಳ ಬಟ್ಟೆಯನ್ನು ಅವಳ ಕೈಗೇ ಕೊಡುತ್ತಿದ್ದ. "ಯಂತ್ರದ ಕಾಜ ವರ್ಷಕ್ಕೆ ಬಾಯಿ ಬಿಡುತ್ತೆ. ಅಕ್ಕನ ಕಾಜ ಅಂಗಿ ಹರಿದು ಒರೆಸೋ ಬಟ್ಟೆ ಆದ್ರೂ ಜಗ್ಗಲ್ಲ" ಎನ್ನುತ್ತಿದ್ದ. ಅಡ್ಡಹೆಸರು ಅಲ್ಲಿಂದ ಬಂತು. ಮೊದಲು ದರ್ಜಿ, ಆಮೇಲೆ ಬೀದಿಯವರು, ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೆಯೇ ಕರೆಯತೊಡಗಿದ.

ಅವಳನ್ನು ಕವಾಟದ ಕೆಲಸಕ್ಕೆ ಎಳೆದುಕೊಂಡು ಹೋದವಳು ಚಿಕ್ಕಮ್ಮ, ತಾಯಿಯ ತಂಗಿ. ಕಾಜಕ್ಕನಿಗೆ ಒಂಬತ್ತು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಅನ್ನ ಹಾಕಿ, ಜಡೆ ಹೆಣೆದು, ಕೈಗೆ ಸೂಜಿ ಕೊಟ್ಟು ಬೆಳೆಸಿದ್ದು ಚಿಕ್ಕಮ್ಮನೇ. ಊರ ಹೊರಗೆ ವೈದ್ಯಕೀಯ ಸಾಧನಗಳ ಕಾರ್ಖಾನೆ ಶುರುವಾಗಿ, ಕೈಹೊಲಿಗೆ ಬಲ್ಲ ಹೆಂಗಸರು ಬೇಕು ಎಂದಾಗ ಮೊದಲ ದಿನವೇ ಹೋಗಿ ನಿಂತವಳು ಅವಳು. ಮೂರು ವರ್ಷವಾದ ಮೇಲೆ ಕಾಜಕ್ಕನಿಗೂ ಹೇಳಿಕಳಿಸಿದಳು.

"ಪರೀಕ್ಷೇಲಿ ನಿನ್ನ ಮುಂದೆ ಮೊಟ್ಟೆ ಇಡ್ತಾರೆ, ಗಾಬರಿ ಆಗ್ಬೇಡ."

"ಮೊಟ್ಟೆ ಯಾಕೆ? ತಿನ್ನೋಕಾ?"

"ಹೊಲಿಯೋಕೆ ಕಣೇ!"

ಚಿಪ್ಪಿನ ಒಳಮೈಗೆ ಅಂಟಿಕೊಂಡಿರುವ ಬಿಳಿ ಪೊರೆಯ ಎರಡು ತುಂಡುಗಳನ್ನು ಮೂವತ್ತು ಹೊಲಿಗೆ ಹಾಕಿ ಕೂಡಿಸಬೇಕಿತ್ತು. ಅಂದು ಬಂದವರು ಇಪ್ಪತ್ತಾರು ಮಂದಿ. ಹರಿಯದೆ ಉಳಿದದ್ದು ನಾಲ್ವರ ಪೊರೆ. ಕಾಜಕ್ಕನದು ಅದರಲ್ಲೊಂದು.

ಮೊದಲ ವಾರ ಅವರಿಗೆ ಸೂಜಿ ಮುಟ್ಟಲು ಬಿಡಲಿಲ್ಲ, ಪಾಠ ಕೇಳಿಸಿದರು. ಪಾಠ ಹೇಳಿದವಳು ಗುಣಮಟ್ಟ ವಿಭಾಗದ ಅಧಿಕಾರಿ. ಜೈವಿಕ ಎಂಜಿನಿಯರಿಂಗ್ ಓದಿ ಬಂದಿದ್ದ, ಮಾತಿಗೆ ಮೊದಲು ಎರಡು ಕ್ಷಣ ತಡೆಯುವ, ತೆಳ್ಳನೆಯ ಹೆಣ್ಣು. ಕತ್ತಿನಲ್ಲಿ ಸದಾ ಒಂದು ಸಣ್ಣ ಮಸೂರ ನೇತಾಡುತ್ತಿದ್ದುದರಿಂದ ಹೊಲಿಯುವ ಹೆಂಗಸರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು.

ಹಳಬರೂ ಕೂತು ಕೇಳಬೇಕೆಂಬ ನಿಯಮದ ಪ್ರಕಾರ ಚಿಕ್ಕಮ್ಮ ಹಿಂದಿನ ಬೆಂಚಿನಲ್ಲಿದ್ದಳು. "ಎಂಜಿನಿಯರ್ ಅಂದ್ರೆ ಸೇತುವೆ, ರಸ್ತೆ ಅಲ್ವಾ ಮೇಡಂ? ನಮ್ಮ ಎದೆಗೂಡಲ್ಲಿ ನಿಮಗೇನು ಕೆಲಸ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಭೂತಗನ್ನಡಿ ಎಂದಿನಂತೆ ಎರಡು ಕ್ಷಣ ತಡೆದಳು. "ಸೇತುವೆ ಕಟ್ಟೋರು ನದಿ ಎಷ್ಟು ಜೋರಾಗಿ ಹರಿಯುತ್ತೆ ಅಂತ ಲೆಕ್ಕ ಹಾಕ್ತಾರೆ. ನಾವು ರಕ್ತದ ಲೆಕ್ಕ ಹಾಕ್ತೀವಿ. ಸವೆದ ಮೊಣಕಾಲಿಗೆ ಕೀಲು, ಕೇಳಿಸದ ಕಿವಿಗೆ ಯಂತ್ರ, ಸುಟ್ಟ ಮೈಗೆ ಹೊರಗಡೆ ಬೆಳೆಸಿದ ಚರ್ಮ, ಎಲ್ಲಾ ನಮ್ಮ ಕಸುಬೇ. ಆದ್ರೆ ಅವರಿಗಿಲ್ಲದ ಒಂದು ಕಷ್ಟ ನಮಗಿದೆ ಅಕ್ಕ. ನದಿ ಯಾವತ್ತೂ ಸೇತುವೆನ ನೋಡಿ ಇದು ನನ್ನದಲ್ಲ ಅನ್ನಲ್ಲ. ಮೈ ಅನ್ನುತ್ತೆ."

ಕಾಜಕ್ಕ ಏಳನೇ ತರಗತಿಗೆ ಓದು ಬಿಟ್ಟವಳು. ಆದರೂ ಆ ವಾರ ಕೇಳಿದ್ದು ಅವಳ ತಲೆಯಲ್ಲಿ ಚೆನ್ನಾಗಿ ಕೂತಿತು. ಹೃದಯಕ್ಕೆ ನಾಲ್ಕು ಬಾಗಿಲು. ರಕ್ತವನ್ನು ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ. ಒಂದು ಬಾಗಿಲು ಕೆಟ್ಟರೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆ, ಕಾಲು ಊದುತ್ತದೆ, ಕೊನೆಗೆ ಮಲಗಿದರೂ ಉಸಿರು ಸಾಲುವುದಿಲ್ಲ. ಅಂಥವರಿಗೆ ಹೊಸ ಬಾಗಿಲು ಇಡುತ್ತಾರೆ. ದನದ ಹೃದಯವನ್ನು ಸುತ್ತಿಕೊಂಡಿರುವ ತೆಳುಚೀಲವನ್ನು ತೊಳೆದು, ನಮ್ಮ ಮೈ ಅದನ್ನು ಪರಕೀಯವೆಂದು ಮೇಲೆ ಬೀಳದಂತೆ ಔಷಧದಲ್ಲಿ ಹದಮಾಡಿ, ಅದರಿಂದ ಮೂರು ಎಸಳು ಕತ್ತರಿಸುತ್ತಾರೆ. ಬಟ್ಟೆ ಹೊದಿಸಿದ ಬೆರಳುಂಗುರದಷ್ಟಗಲದ ಚೌಕಟ್ಟಿಗೆ ಆ ಎಸಳುಗಳನ್ನು ಹೊಲಿಯುವುದು ಹನ್ನೊಂದು ಹೆಂಗಸರ ಕೆಲಸ. ಒಂದು ಕವಾಟವನ್ನು ಒಬ್ಬಳೇ ಮುಗಿಸಬೇಕು: ಸಾವಿರದ ನಾನೂರು ಹೊಲಿಗೆ, ನಾಲ್ಕು ದಿನ.

ಕಟ್ಟಡದ ತುಂಬ ಅದೇ ಕವಾಟದ ಸುತ್ತ ಬೇರೆ ಬೇರೆ ಕಸುಬಿನವರಿದ್ದರು. ಕಂಪ್ಯೂಟರಿನಲ್ಲಿ ಚೌಕಟ್ಟಿನ ನಕ್ಷೆ ತೆಗೆಯುವವರು, ಪೊರೆಯ ದಪ್ಪ ಅಳೆದು ಆರಿಸುವವರು, ಮುಗಿದ ಕವಾಟದಲ್ಲಿ ಉಪ್ಪುನೀರು ಹಾಯಿಸಿ ಸೋರಿಕೆ ನೋಡುವವರು, ನಿಯಂತ್ರಣ ಇಲಾಖೆಗೆ ಕಾಗದ ಬರೆಯುವುದನ್ನೇ ಓದಿ ಬಂದವರು. ಕಾಜಕ್ಕನಿಗೆ ಕೊನೆಯವರ ಕೆಲಸವೇ ವಿಚಿತ್ರವೆನಿಸಿತ್ತು. ಬರೀ ಕಾಗದ ಬರೆಯುವುದಕ್ಕೆ ಎಂಜಿನಿಯರು ಯಾಕೆ?

ಅದಕ್ಕೂ ಪಾಠದಲ್ಲಿ ಉತ್ತರವಿತ್ತು. ಪ್ರತಿ ತಿಂಗಳು ಹೊಲಿದ ಕವಾಟಗಳಲ್ಲಿ ಒಂದನ್ನು ಎತ್ತಿ ಪರೀಕ್ಷೆಯ ಯಂತ್ರಕ್ಕೆ ಹಾಕುತ್ತಿದ್ದರು. ಮೈಬಿಸಿಯಷ್ಟೇ ಬೆಚ್ಚಗಿನ ಉಪ್ಪುನೀರಿನಲ್ಲಿ ಅದು ಕ್ಷಣಕ್ಕೆ ಹದಿನೈದು ಸಲ ತೆರೆದು ಮುಚ್ಚುತ್ತಿತ್ತು. ಮನುಷ್ಯನ ಎದೆಯಲ್ಲಿ ದಿನಕ್ಕೆ ಒಂದು ಲಕ್ಷ ಸಲ ಆಗುವ ಕೆಲಸ. ಇಪ್ಪತ್ತು ಕೋಟಿ ಸಲ, ಅಂದರೆ ಐದು ವರ್ಷಕ್ಕೂ ಹೆಚ್ಚಿನ ಬಡಿತವನ್ನು ಐದು ತಿಂಗಳಲ್ಲಿ ಮುಗಿಸಬೇಕು. ಯಂತ್ರಕ್ಕೆ ಹಾಕಿದ್ದನ್ನು ಮತ್ತೆ ಯಾರ ಎದೆಗೂ ಇಡುವಂತಿಲ್ಲ. ಎದೆಗೆ ಇಡುವುದನ್ನು ಯಂತ್ರಕ್ಕೆ ಹಾಕಿ ನೋಡುವಂತಿಲ್ಲ.

"ಹಾಗಿದ್ಮೇಲೆ ಎದೆಗೆ ಹೋಗೋದು ಗಟ್ಟಿ ಇದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕಾಜಕ್ಕ ಕೇಳಿದ್ದಳು.

"ಎರಡನ್ನೂ ಒಂದೇ ಥರ ಮಾಡಿದೀವಿ ಅನ್ನೋದಕ್ಕೆ ನಮ್ಮ ಹತ್ರ ಇರೋದು ಕಾಗದ ಒಂದೇ. ಕಾಗದ ಸುಳ್ಳಾದ್ರೆ ಯಂತ್ರ ಸುಮ್ಮನೆ ತಿರುಗ್ತಿದೆ ಅಷ್ಟೇ."

ಕವಾಟದ ಜೊತೆ ನಾಲ್ಕು ಪುಟದ ದಾಖಲೆಯೊಂದು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಹೆಂಗಸರು ಅದನ್ನು ಜಾತಕ ಎನ್ನುತ್ತಿದ್ದರು. ಪೊರೆ ಎಲ್ಲಿಂದ ಬಂತು, ಯಾರು ಅಳೆದರು, ಯಾರು ಹೊಲಿದರು, ಎಲ್ಲಕ್ಕೂ ಕಾಲಮ್ಮು, ಸಹಿ. ಮೂರನೆಯ ಪುಟದಲ್ಲಿ ಒಂದು ಕಾಲಮ್ಮಿತ್ತು: ಬಿಚ್ಚಿದ ಹೊಲಿಗೆಗಳು. ಬಟ್ಟೆಯಿಂದ ಬಂದವರಿಗೆ ಮೊದಮೊದಲು ಅರ್ಥವಾಗದ ಕಾಲಮ್ಮು ಅದು. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಉಗುರಿನಿಂದ ಕೆರೆದು ತುಸು ನೀರು ಮುಟ್ಟಿಸಿದರಾಯಿತು, ತೂತು ಕೂಡಿಕೊಳ್ಳುತ್ತದೆ. ಹದಮಾಡಿದ ಪೊರೆ ಹಾಗಲ್ಲ. ಒಮ್ಮೆ ಸೂಜಿ ಹೋದ ಜಾಗ ತೂತಾಗಿಯೇ ಉಳಿಯುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಬಿದ್ದರೆ ನಡುವೆ ಉಳಿದ ಕೂದಲಗಲದ ಪೊರೆ ಬಡಿತಕ್ಕೆ ಸಿಕ್ಕಿ ಸವೆಯುತ್ತದೆ. ಆದ್ದರಿಂದ ಒಂದು ಹೊಲಿಗೆ ಬಿಚ್ಚಬೇಕಾದರೂ ಕೈಯೆತ್ತಿ ಭೂತಗನ್ನಡಿಯನ್ನು ಕರೆಯಬೇಕು. ಅವಳು ನೋಡಿ ಬರೆಯುತ್ತಾಳೆ, ಇಲ್ಲವೇ ಎಸಳನ್ನೇ ಎಸೆಯುತ್ತಾಳೆ.

ಇದೆಲ್ಲ ಕಾಜಕ್ಕನಿಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ಆ ವರ್ಷದ ಕಣ್ಣಿನ ಪರೀಕ್ಷೆಯ ಹೊತ್ತಿಗೆ ಚಿಕ್ಕಮ್ಮನಿಗೆ ಐವತ್ತೇಳು ವರ್ಷ. ಗೋಡೆಯ ಮೇಲಿನ ಅಕ್ಷರಗಳನ್ನು ಎಲ್ಲರೂ ಸಾಲಾಗಿ ನಿಂತು ಓದಬೇಕಿತ್ತು. ಅವಳು ಬೇಕೆಂದೇ ಸಾಲಿನ ಕೊನೆಗೆ ನಿಂತು, ಮುಂದಿನ ಹತ್ತು ಮಂದಿ ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿ ಗಿಣಿಯ ಹಾಗೆ ಒಪ್ಪಿಸಿದಳು. ಹೊರಗೆ ಬಂದು ಕಾಜಕ್ಕನ ಕಿವಿಯಲ್ಲಿ, "ಕೊನೇ ಸಾಲು ಇತ್ತೋ ಇಲ್ವೋ ದೇವರಿಗೇ ಗೊತ್ತು" ಎಂದು ನಕ್ಕಳು. ಕಾಜಕ್ಕನೂ ನಕ್ಕಳು. ಆ ನಗೆಯ ನೆನಪು ಮುಂದೆ ಅವಳನ್ನು ಬಹಳ ಕಾಡಿತು.

ಇಬ್ಬರ ಮೇಜೂ ಅಕ್ಕಪಕ್ಕ. ಒಂದು ಬೆಳಿಗ್ಗೆ ಚಿಕ್ಕಮ್ಮ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಇಲ್ಲಿ ಒಂಚೂರು ನೋಡೇ, ಅಂಚಿಗೆ ತೀರಾ ಹತ್ರ ಬಂತಾ?" ಎಂದಳು. ಬಂದಿತ್ತು. ಎರಡು ಹೊಲಿಗೆ ಎಸಳಿನ ತುದಿಯಲ್ಲಿ ಜೋತಾಡುತ್ತಿದ್ದವು. ಅಷ್ಟರಲ್ಲಿ ಕಣ್ಣಿನ ವಿರಾಮದ ಗಂಟೆಯಾಯಿತು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಎಲ್ಲರೂ ಹೊರಗೆ ಹೋಗಿ ದೂರ ನೋಡುತ್ತ ಕೂರಬೇಕು. ಗಂಟು ಅರ್ಧಕ್ಕಿದ್ದವರು ಮಾತ್ರ ಮುಗಿಸಿ ಬರಬಹುದು. ಕಾಜಕ್ಕ ತನ್ನ ಗಂಟು ಮುಗಿದಿಲ್ಲವೆಂದು ಹಿಂದೆ ಉಳಿದಳು. ಚಿಕ್ಕಮ್ಮನ ಕುರ್ಚಿಯಲ್ಲಿ ಕೂತು ಎರಡು ಹೊಲಿಗೆ ಬಿಚ್ಚಿ, ಒಳಗೆ ಸರಿಸಿ ಹೊಲಿದಳು. ಆರು ನಿಮಿಷದ ಕೆಲಸ. ಜಾತಕದಲ್ಲಿ ಬರೆಯಲಿಲ್ಲ. ಹುಡುಗಿಯಾಗಿದ್ದಾಗ ಅವಳು ಹಾಕಿದ ಸೊಟ್ಟ ಹೆಮ್ಮಿಂಗನ್ನು ಚಿಕ್ಕಮ್ಮ ಎಷ್ಟು ಸಲ ಹೀಗೆ ಯಾರಿಗೂ ಹೇಳದೆ ಬಿಚ್ಚಿ ಸರಿಮಾಡಿದ್ದಳೋ, ದರ್ಜಿಗೆ ಒಂದು ದಿನವಾದರೂ ಗೊತ್ತಾಗಿತ್ತೇ?

ಆಮೇಲೆ ಚಿಕ್ಕಮ್ಮ ಬಾಯಿಬಿಟ್ಟು ಕೇಳಲಿಲ್ಲ. ಅನುಮಾನವಿದ್ದ ಕಡೆಯನ್ನು ಮೇಲಕ್ಕೆ ತಿರುಗಿಸಿಟ್ಟು ವಿರಾಮಕ್ಕೆ ಎದ್ದುಹೋಗುತ್ತಿದ್ದಳು, ಅಷ್ಟೇ. ಬಂದು ಕೂತಾಗ ಸರಿಯಾಗಿರುತ್ತಿತ್ತು. ಮುಗಿದ ದಿನ ಅವಳು ಮೂರನೆಯ ಪುಟದಲ್ಲಿ "ಇಲ್ಲ" ಎಂದು ಬರೆದು ಸಹಿ ಹಾಕುತ್ತಿದ್ದಳು. ನಾಲ್ಕು ತಿಂಗಳಲ್ಲಿ ಅಂಥ ಕವಾಟಗಳು ಏಳಾದವು. ಅವುಗಳ ನಂಬರು ಕಾಜಕ್ಕನಿಗೆ ಬೇಡವೆಂದರೂ ನೆನಪಿನಲ್ಲಿ ಉಳಿದವು.

ಏಳರಲ್ಲಿ ಮೊದಲನೆಯದು ಪರೀಕ್ಷೆಯ ಯಂತ್ರಕ್ಕೆ ಹೋಗಿತ್ತು. ಎಪ್ಪತ್ತನೆಯ ದಿನ, ಒಂಬತ್ತು ಕೋಟಿ ಬಡಿತ ದಾಟಿದ ಮೇಲೆ, ಅದರ ಒಂದು ಎಸಳು ಹರಿಯಿತು.

ಭೂತಗನ್ನಡಿ ಹನ್ನೊಂದು ಮಂದಿಯನ್ನೂ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿದಳು. ನೂರುಪಟ್ಟು ದೊಡ್ಡದಾಗಿ ಕಂಡ ಹರುಕು ಎರಡು ತೂತುಗಳಿಂದ ಶುರುವಾಗಿತ್ತು. "ಒಂದರಲ್ಲಿ ದಾರ ಇದೆ. ಪಕ್ಕದ್ದರಲ್ಲಿ ಇಲ್ಲ. ನಡುವೆ ಅರ್ಧ ಮಿಲಿಮೀಟರ್ ಕೂಡ ಇಲ್ಲ." ಜಾತಕ ತೆಗೆದು ಮೂರನೆಯ ಪುಟ ಓದಿದಳು. "ಬಿಚ್ಚಿದ ಹೊಲಿಗೆಗಳು, ಇಲ್ಲ. ಅಕ್ಕ, ಇದು ನಿಮ್ಮದು. ಏನಾದ್ರೂ ಬಿಚ್ಚಿದ ನೆನಪಿದೆಯಾ?"

"ನಾನು ಬಿಚ್ಚಿಲ್ಲ ಮೇಡಂ" ಎಂದಳು ಚಿಕ್ಕಮ್ಮ.

ಅದು ಅಕ್ಷರಶಃ ನಿಜವಾಗಿತ್ತು. ಹನ್ನೆರಡು ವರ್ಷದಲ್ಲಿ ಅವಳ ಜಾತಕಗಳಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ಭೂತಗನ್ನಡಿ ನಂಬಿದಳು.

"ಹಾಗಾದ್ರೆ ಇದು ಸೂಜಿ ತೂತಲ್ಲ. ಪೊರೆಯಲ್ಲೇ ಸಣ್ಣ ರಕ್ತನಾಳದ ತೂತು ಇದ್ದು, ಆರಿಸುವ ಮೇಜಲ್ಲಿ ಕಣ್ಣು ತಪ್ಪಿರಬೇಕು. ಆ ಸಲ ಒಟ್ಟಿಗೆ ಬಂದ ಪೊರೆಯಿಂದ ಮಾಡಿದ ಅರವತ್ತನಾಲ್ಕು ಕವಾಟಗಳನ್ನೂ ತಡೆಹಿಡಿತೀವಿ. ಬೇರೆ ಸಲದ್ದು ಎಂದಿನಂತೆ ಹೋಗುತ್ತೆ."

ಪೊರೆ ಆರಿಸುವ ಮೇಜಿನಲ್ಲಿ ಇದ್ದವಳು ಕೆಲಸಕ್ಕೆ ಸೇರಿ ವರ್ಷವೂ ಆಗದ ಹೆಣ್ಣುಮಗಳು. ಬಾಗಿಲ ಬಳಿ ನಿಂತಿದ್ದ ಅವಳ ಮುಖ ಸುಣ್ಣದಂತಾಯಿತು. ಕಾಜಕ್ಕ ಅವಳನ್ನು ನೋಡಲಾರದೆ ಪರದೆಯನ್ನು ನೋಡಿದಳು. ತಾನು ಕೈಯಾಡಿಸಿದ ಉಳಿದ ಆರು ಕವಾಟಗಳು ಬೇರೆ ಸಲದ ಪೊರೆಯವು. ಅಂದರೆ ತಡೆಹಿಡಿಯುವ ಅರವತ್ತನಾಲ್ಕರಲ್ಲಿ ತಪ್ಪಿನದು ಒಂದೂ ಇಲ್ಲ. ತಪ್ಪಿನವು ಆರೂ ಎಂದಿನಂತೆ ಹೋಗುತ್ತವೆ.

ಸಂಜೆ ಮನೆಗೆ ಬಂದಾಗ ಗಂಡ ಮುಂಬಾಗಿಲ ಪಕ್ಕದ ತನ್ನ ಮೇಜಿನಲ್ಲಿ ಕೀಲಿಕೈ ಉಜ್ಜುತ್ತಿದ್ದ. ಬೀಗ ರಿಪೇರಿ ಅವನ ಕಸುಬು. ಕಾಜಕ್ಕ ಚಪ್ಪಲಿಯನ್ನೂ ಬಿಡದೆ ಎದುರಿನ ಸ್ಟೂಲಿನಲ್ಲಿ ಕೂತಳು.

"ರೀ, ಕೀಲಿಕೈ ತಪ್ಪಾಗಿ ಉಜ್ಜಿಬಿಟ್ರೆ ಏನ್ಮಾಡ್ತೀರ?"

"ಎಸೆದು ಇನ್ನೊಂದು ಉಜ್ತೀನಿ. ಯಾಕೆ, ನನ್ನ ಕೆಲಸಕ್ಕೂ ಭೂತಗನ್ನಡಿ ಹಾಕ್ತೀಯಾ ಈಗ?"

"ಗಿರಾಕಿ ತಗೊಂಡು ಹೋಗಿಬಿಟ್ಟಿದ್ರೆ?"

"ವಾಪಸ್ ಬರ್ತಾನೆ. ಬೀದಿಯೆಲ್ಲಾ ಕೇಳೋ ಹಾಗೆ ಬೈತಾನೆ. ಆಮೇಲೆ ಇನ್ನೊಂದು ಉಜ್ಜಿಕೊಡ್ತೀನಿ."

"ವಾಪಸ್ ಬರೋಕೇ ಆಗದೇ ಇರೋ ಅಂಥವನಾದ್ರೆ?"

ಅರ ಉಜ್ಜುವ ಸದ್ದು ನಿಂತಿತು. ಅವನು ಅವಳ ಮುಖ ನೋಡಿದ. ಕಾಜಕ್ಕ ಎಲ್ಲ ಹೇಳಿದಳು. ಕೇಳಿ ಮುಗಿಸಿ ಅವನು ಅರವನ್ನು ಕೆಳಗಿಟ್ಟ. "ಮೊದಲು ಚಿಕ್ಕತ್ತೆಗೆ ಹೇಳು. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು" ಎಂದಷ್ಟೇ ಹೇಳಿದ.

ಮರುದಿನ ರಜೆ. ಚಿಕ್ಕಮ್ಮ ಒಂದು ಕೋಣೆ, ಒಂದು ಅಡುಗೆಮನೆಯ ತನ್ನ ಮನೆಯಲ್ಲಿ ಕಿಟಕಿಯ ಬಳಿ ಬೇಳೆ ಆರಿಸುತ್ತಿದ್ದಳು. ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ಕಲ್ಲು ಹುಡುಕುತ್ತಿದ್ದಳು.

"ನಾಳೆ ಮೇಡಂಗೆ ಹೇಳ್ತೀನಿ" ಎಂದಳು ಕಾಜಕ್ಕ.

"ಏನಂತ?"

"ಬಿಚ್ಚಿದ್ದು ನಾನು ಅಂತ."

ಚಿಕ್ಕಮ್ಮ ಮೊರವನ್ನು ಕೆಳಗಿಟ್ಟಳು. "ಬಿಚ್ಚು ಅಂತ ನಾನು ಹೇಳಿದ್ನಾ? ಒಂದು ಸಲ ನೋಡು ಅಂದೆ. ನೋಡು ಅಂದೆ!"

"ಹೌದು ಚಿಕ್ಕಮ್ಮ. ನೀನು ಹೇಳ್ಲಿಲ್ಲ."

"ಮತ್ತೆ? ನನ್ನ ಕಣ್ಣು ಮಂಜಾಗಿದೆ ಅಂತ ಊರಿಗೆಲ್ಲಾ ಡಂಗುರ ಹೊಡಿತೀಯಾ? ಅದಕ್ಕೇನಾ ನಿನ್ನ ಸಾಕಿದ್ದು?"

"ಒಂಬತ್ತು ಕೋಟಿಗೆ ಹರಿದಿದೆ. ಎದೆಯಲ್ಲಾದ್ರೆ ಎರಡೂವರೆ ವರ್ಷ."

"ಎಲ್ಲಾ ಹರಿಯುತ್ತೆ ಅಂತೇನಿದೆ?"

"ಹರಿಯಲ್ಲ ಅಂತ ನೀನು ಬರೆದುಕೊಡ್ತೀಯಾ?"

ಚಿಕ್ಕಮ್ಮನ ಕೈ ಮೊರದ ಅಂಚನ್ನು ಸವರುತ್ತಿತ್ತು. ದನಿ ತಗ್ಗಿಸಿ, "ಆ ಕುರ್ಚಿ ಹೋದ್ರೆ ನಾನು ಯಾರೇ? ಕವಾಟ ಹೊಲಿಯೋಳು ಅಂತ ಜನ ತಿರುಗಿ ನೋಡ್ತಾರೆ. ಇಲ್ಲದಿದ್ರೆ ಬೇಳೆ ಆರಿಸೋ ಮುದುಕಿ" ಎಂದಳು.

ಕಾಜಕ್ಕ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಚಿಕ್ಕಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. "ಹೋಗು. ಹೇಳೋದಿದ್ರೆ ಹೇಳ್ಕೋ. ಇನ್ನು ಈ ಮೆಟ್ಟಿಲು ಹತ್ತಬೇಡ."

ಸೋಮವಾರ ಬೆಳಿಗ್ಗೆ ಕಾಜಕ್ಕ ಕೆಲಸದ ಬಿಳಿ ನಿಲುವಂಗಿ ತೊಡದೆ ನೇರವಾಗಿ ಭೂತಗನ್ನಡಿಯ ಕೋಣೆಗೆ ಹೋದಳು. ನಿಂತುಕೊಂಡೇ ಹೇಳಿದಳು. ಏಳು ನಂಬರುಗಳನ್ನೂ ಒಂದಾದ ಮೇಲೊಂದು ಹೇಳಿದಳು. ಭೂತಗನ್ನಡಿ ಬರೆದುಕೊಂಡಳು. ಬೈಯಲಿಲ್ಲ, ತಲೆಯೆತ್ತಲೂ ಇಲ್ಲ. ಬರೆದು ಮುಗಿಸಿ ಕಂಪ್ಯೂಟರಿನತ್ತ ತಿರುಗಿ ಒಂದೊಂದೇ ನಂಬರು ಹುಡುಕಿದಳು.

"ಒಂದು ಯಂತ್ರದಲ್ಲಿ ಹರೀತು. ಮೂರು ನಮ್ಮ ಉಗ್ರಾಣದಲ್ಲೇ ಇವೆ. ಎರಡು ಆಸ್ಪತ್ರೆ ಕಪಾಟಲ್ಲಿವೆ, ಇವತ್ತೇ ವಾಪಸ್ ತರಿಸ್ತೀನಿ."

"ಆರಾಯ್ತು" ಎಂದಳು ಕಾಜಕ್ಕ.

"ಏಳನೇದು ಇಟ್ಟಾಗಿದೆ. ಹತ್ತೊಂಬತ್ತು ದಿನ ಆಯ್ತು."

"ಯಾರಿಗೆ?"

"ಹೆಂಗಸು, ಐವತ್ತೆರಡು ವರ್ಷ. ಅಷ್ಟೇ ಬರೆದಿದೆ. ಅದಕ್ಕಿಂತ ಹೆಚ್ಚು ನನಗೂ ತೋರಿಸಲ್ಲ, ತೋರಿಸಲೂಬಾರದು."

ಕಾಜಕ್ಕ ಆಗ ಕುರ್ಚಿಯಲ್ಲಿ ಕೂತಳು. ಕೂರು ಎಂದು ಯಾರೂ ಹೇಳಿರಲಿಲ್ಲ. "ತೆಗೆದು ಬೇರೆ ಇಡೋಕಾಗಲ್ವಾ ಮೇಡಂ?"

"ಎದೆ ಮತ್ತೆ ಸೀಳಬೇಕು. ಆ ಅಪಾಯ ಈ ತೂತಿಗಿಂತ ದೊಡ್ಡದು. ಇದು ಹರಿದರೂ ಹರಿಯಬಹುದು, ಹದಿನೈದು ವರ್ಷ ಬಂದರೂ ಬರಬಹುದು. ವೈದ್ಯರಿಗೆ ತಿಳಿಸ್ತೀವಿ, ಅವರು ಆಕೆಗೆ ತಿಳಿಸ್ತಾರೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಬಾಗಿಲು ಸರಿಯಾಗಿ ಮುಚ್ಚುತ್ತಾ ನೋಡ್ತಾರೆ. ನಿಯಂತ್ರಣ ಇಲಾಖೆಗೂ ಬರೀಬೇಕು. ಅವರು ಬಂದು ಈ ಕೋಣೆಯನ್ನೆಲ್ಲಾ ಜಾಲಾಡ್ತಾರೆ, ಜಾಲಾಡಲಿ."

ಉಗ್ರಾಣದ ಮೂರು ಕವಾಟಗಳನ್ನು ತರಿಸಿದರು. ಬಾಯಿಮಾತಿನ ಮೇಲೆ ಏನನ್ನೂ ಬರೆಯುವಂತಿರಲಿಲ್ಲ. ಯಾವ ಹೊಲಿಗೆ ಎಂದು ತೋರಿಸಬೇಕಿತ್ತು. ಕಾಜಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಚಿಮುಟದ ತುದಿಯಿಂದ ಒಂದೊಂದನ್ನೇ ತೋರಿಸಿದಳು. ಚಿಕ್ಕಮ್ಮನ ಗಂಟು ಎಡಕ್ಕೆ ವಾಲುತ್ತಿತ್ತು, ಅವಳದು ಬಲಕ್ಕೆ. ಸಾಲುಸಾಲು ಎಡವಾಲಿದ ಗಂಟುಗಳ ನಡುವೆ ಎರಡೋ ಮೂರೋ ಬಲವಾಲಿದವು. ಅವುಗಳ ಪಕ್ಕದಲ್ಲಿ ದಾರವಿಲ್ಲದ ಖಾಲಿ ತೂತು. ನೂರಾರು ಗಂಟುಗಳನ್ನು ದಾಟುತ್ತ ಹೋದಂತೆ, ಚಿಕ್ಕಮ್ಮನ ಹೊಲಿಗೆ ಎಷ್ಟು ಚೆಂದವಿತ್ತೆಂಬುದೂ ಕಂಡಿತು. ಸಾವಿರದ ನಾನೂರರಲ್ಲಿ ಮೂರು ತಪ್ಪು.

ನಂತರ ತಪ್ಪಿನ ವರದಿ ಬರೆಯಬೇಕಿತ್ತು. ಏನಾಯಿತು, ಯಾವಾಗ ಆಯಿತು ಎಂಬ ಕಾಲಮ್ಮುಗಳನ್ನು ಭೂತಗನ್ನಡಿಯೇ ತುಂಬಿದಳು. "ಯಾಕೆ ಆಯಿತು" ಎಂಬುದನ್ನು ಮಾಡಿದವರೇ ತಮ್ಮ ಕೈಯಾರೆ ಬರೆಯಬೇಕೆಂಬುದು ನಿಯಮ. ಕಾಜಕ್ಕ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ಬರೆದದ್ದು ಒಂದೇ ಸಾಲು: ಅವಳು ನನ್ನ ಹೊಲಿಗೆಯನ್ನು ಹೀಗೇ ಸರಿಮಾಡುತ್ತಿದ್ದಳು, ಆಗ ಅದು ಬಟ್ಟೆಯಾಗಿತ್ತು.

ಭೂತಗನ್ನಡಿ ಅದನ್ನು ಓದಿದಳು. "ಇಷ್ಟು ಸಾಕಾಗಲ್ಲ ಅಂತಾರೆ ಇಲಾಖೆಯವರು" ಎಂದಳು. ಆದರೆ ತಿದ್ದಲಿಲ್ಲ. ಅದರ ಕೆಳಗೆ ತನ್ನ ಅಕ್ಷರದಲ್ಲಿ ಸೇರಿಸಿದಳು: ಕಣ್ಣಿನ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಫಲಕವನ್ನು, ಒಬ್ಬರಿಗೊಬ್ಬರು ಕೇಳುವಂತೆ ಓದಿಸಲಾಗಿದೆ, ಫಲಿತಾಂಶಕ್ಕೆ ಸಹಿ ಹಾಕಿದ್ದು ನಾನು. ತನ್ನ ಹೆಸರು ಬರೆದಳು. ಬಳಿಕ ಆರಿಸುವ ಮೇಜಿನ ಹೆಣ್ಣುಮಗಳನ್ನು ಕರೆಸಿ, ಎಲ್ಲರೆದುರೇ, ತಪ್ಪು ಅವಳದಲ್ಲವೆಂದು ಹೇಳಿದಳು.

ಮಧ್ಯಾಹ್ನ ಚಿಕ್ಕಮ್ಮನನ್ನು ಕರೆದರು. ಅವಳು ಬಂದು ಕಾಜಕ್ಕನಿಗೆ ಬೆನ್ನು ಮಾಡಿ ಕೂತಳು. ಈ ಸಲ ಒಂಟಿಯಾಗಿ, ಬೇರೆ ಫಲಕದಿಂದ ಕಣ್ಣಿನ ಪರೀಕ್ಷೆಯಾಯಿತು. ಬಲಗಣ್ಣಿನಲ್ಲಿ ಪೊರೆ ಬೆಳೆದಿತ್ತು.

"ಆಪರೇಷನ್ ಮಾಡಿ ಒಳಗೆ ಹೊಸ ಮಸೂರ ಇಡ್ತಾರೆ ಅಕ್ಕ. ಅರ್ಧ ಗಂಟೆ ಕೆಲಸ" ಎಂದಳು ಭೂತಗನ್ನಡಿ.

"ಆ ಮಸೂರ ಮಾಡೋರು ಯಾರು?"

"ನಮ್ಮಂಥೋರೇ. ಬೇರೆ ಕಾರ್ಖಾನೆ."

"ಅವರ ಜಾತಕದಲ್ಲಿ ಎಲ್ಲಾ ಸರಿಯಾಗಿ ಬರೆದಿರ್ತಾರಾ?"

"ಬರೀಬೇಕು ಅಂತ ಕಾನೂನಿದೆ."

"ಕಾನೂನು ಕೇಳ್ಲಿಲ್ಲ ನಾನು" ಎಂದಳು ಚಿಕ್ಕಮ್ಮ.

ಚಿಕ್ಕಮ್ಮ ಮೇಜಿನ ಮೇಲಿದ್ದ ವರದಿಯನ್ನು ಕಣ್ಣಿನ ಹತ್ತಿರ ಹಿಡಿದು, ಕಾಜಕ್ಕ ಬರೆದ ಸಾಲನ್ನು ನಿಧಾನವಾಗಿ ಓದಿದಳು. ಸಹಿ ಹಾಕಿ ಎದ್ದುಹೋದಳು.

ಇಲಾಖೆಯವರು ಬಂದರು, ಮೂರು ದಿನ ಇದ್ದರು. ಕಾಜಕ್ಕನನ್ನು ಎರಡು ತಿಂಗಳು ಕವಾಟದಿಂದ ದೂರವಿಟ್ಟು, ಮೊಟ್ಟೆಯ ಪೊರೆಯಿಂದ ಮತ್ತೆ ಕಲಿಯಲು ಕೂರಿಸಿದರು. ಹೊಸಬರ ಸಾಲಿನಲ್ಲಿ ಕೂತು ಅವಳು ಕಲಿತಳು. ಚಿಕ್ಕಮ್ಮನಿಗೆ ಆಪರೇಷನ್ ಆಯಿತು; ಲೇಬಲ್ ನೋಡುವ ಕೆಲಸ ಕೊಡುತ್ತೇವೆ ಎಂದರು. "ಚೀಟಿ ಓದೋಕೆ ಇಷ್ಟು ದಿನ ಸೂಜಿ ಹಿಡಿದ್ನಾ?" ಎಂದು ಕೇಳಿ ಅವಳು ಕೆಲಸ ಬಿಟ್ಟಳು. ಬೀದಿಯಲ್ಲಿ ಎದುರಾದರೆ ಕಾಜಕ್ಕನನ್ನು ಗೋಡೆ ದಾಟುವಂತೆ ದಾಟಿ ಹೋಗುತ್ತಿದ್ದಳು. ಕಾಜಕ್ಕ ಎರಡು ಸಲ ಮೆಟ್ಟಿಲ ತನಕ ಹೋಗಿ ಹಿಂತಿರುಗಿದಳು. ಗಂಡ, "ಕಾಲ ಕೊಡು" ಎಂದ. ಎಷ್ಟು ಕಾಲ ಎಂದು ಅವಳು ಕೇಳಲಿಲ್ಲ.

ಆರನೆಯ ತಿಂಗಳು ಕಳೆದ ವಾರ, ಬೆಳಗಿನ ಹೊತ್ತು, ಕಾಜಕ್ಕ ಬಾಗಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗೇಟಿನ ಸದ್ದಾಯಿತು. ಚಿಕ್ಕಮ್ಮ ನಿಂತಿದ್ದಳು. ತೆಳ್ಳಗಾಗಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ, ಕೂರಲೂ ಇಲ್ಲ. ಕಾಜಕ್ಕನ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡುತ್ತ ಕೇಳಿದಳು.

"ಆ ಹೆಂಗಸಿನ ಸ್ಕ್ಯಾನು ಆಯ್ತಾ?"

"ಆಯ್ತು. ಮೊನ್ನೆ ಮೇಡಂ ಹೇಳಿದ್ರು."

"ಏನಂತೆ?"

"ಸರಿಯಾಗಿ ಮುಚ್ಚುತ್ತಿದೆಯಂತೆ. ಸೋರಿಕೆ ಇಲ್ವಂತೆ."

ಚಿಕ್ಕಮ್ಮ ಗೇಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಮೆಟ್ಟಿಲು ಹತ್ತುತ್ತಾಳಾ?"

"ಅದು ಬರೆದಿರಲಿಲ್ಲ."

"ಮುಂದಿನದು ಯಾವಾಗ?"

"ಇ‌ನ್ನು ಆರು ತಿಂಗಳಿಗೆ."

"ಬರ್ತೀನಿ" ಎಂದಳು ಚಿಕ್ಕಮ್ಮ. ಗೇಟು ಹಾಕಿಕೊಂಡು ಬಂದ ದಾರಿಯಲ್ಲೇ ಹೊರಟಳು. ಬೀದಿಯ ತಿರುವಿನಲ್ಲಿ ಒಂದು ಕ್ಷಣ ನಿಂತಂತೆ ಕಂಡಿತು. ಕಾಜಕ್ಕ ಬಟ್ಟೆ ಹಿಡಿದುಕೊಂಡೇ, ಅವಳು ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತಿದ್ದಳು.